ತುದಿ ಚಿವುಟಿದ ಎಲೆ

ವೀಳ್ಯದೆಲೆ ಕೈಗೆ ಬಂದರೆ ಸಾಕು, ನಮ್ಮ ಮನೆಯ ಹೆಂಗಸರ ಬೆರಳು ಸುಮ್ಮನಿರುವುದಿಲ್ಲ. ತಾಂಬೂಲವಾಗಿ ಕೈಗೆ ಕೊಡುವ ಎಲೆಗೆ ತೊಟ್ಟೂ ಇರಬೇಕು, ತುದಿಯೂ ಇರಬೇಕು. ತಿನ್ನುವ ಎಲೆಯ ರೀತಿ ಬೇರೆ. ಒದ್ದೆ ಬಟ್ಟೆಯಲ್ಲಿ ಎರಡೂ ಬದಿ ಒರೆಸಿ, ತೊಟ್ಟು ಮುರಿದು, ತುದಿ ಚಿವುಟಿ, ಆಮೇಲೆ ಸುಣ್ಣ ಸವರಬೇಕು. ಅಜ್ಜಿ ಹೀಗೆ ಮಾಡುತ್ತಿದ್ದಳು, ಅಮ್ಮ ಮಾಡುತ್ತಿದ್ದಳು, ನಾನೂ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ "ಬಾರೇ, ಎಲೆ ಒರೆಸೋಣ" ಎಂದು ಕರೆದರೆ ಬೆರಳು ನೋವು ಎಂದು ಸುಳ್ಳು ಹೇಳಿ ಹೂ ಕಟ್ಟುವವರ ಹತ್ತಿರ ಹೋಗಿ ಕೂರುತ್ತೇನೆ. ನನಗೆ ಹೂ ಕಟ್ಟಲು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಯಾರೂ ಏನೂ ಕೇಳುವುದಿಲ್ಲ, ನನ್ನ ಬಾಯಿಗೆ ಹೆದರುತ್ತಾರೆ.

ತೊಂಬತ್ತರ ದಶಕದ ನಡುವಿನ ವರ್ಷಗಳ ಮಾತು ಇದು. ಅಪ್ಪನಿಗೆ ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿ ಆರೇಳು ವರ್ಷವಾಗಿತ್ತು. ಕೇಂದ್ರ ಸರ್ಕಾರದ ಕ್ವಾರ್ಟರ್ಸಿನಲ್ಲಿ ಮನೆ. ನಾನು ಅಲ್ಲೇ ಎಂ.ಎಸ್ಸಿ. ಮುಗಿಸಿ ಮಣ್ಣು, ನೀರು, ಎಲೆಗಳನ್ನು ಪರೀಕ್ಷೆ ಮಾಡುವ ಒಂದು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದ್ದೆ. ಕೆಲಸ ತಾತ್ಕಾಲಿಕ. ಕಾಯಂ ಮಾಡುವ ಕಾಗದ ಮುಖ್ಯಸ್ಥರ ಮೇಜಿನ ಮೇಲಿದೆ ಎಂದು ಒಂದು ವರ್ಷದಿಂದ ಹೇಳುತ್ತಿದ್ದರು. ಮುಖ್ಯಸ್ಥರು ಒಳ್ಳೆಯವರು, ಆದರೆ ಶಿಸ್ತು ಎಂದರೆ ಶಿಸ್ತು. ಬೀಕರ್ ತೊಳೆದು ಬೋರಲು ಹಾಕದಿದ್ದರೂ ಮೆಮೋ ಕೊಡುವ ಮನುಷ್ಯ.

ಅಮ್ಮನಿಗೆ ಆ ಊರು ಕೊನೆಗೂ ಒಗ್ಗಲಿಲ್ಲ. ತರಕಾರಿಯವಳ ಜೊತೆ ಬೆರಳೆಣಿಸಿ ವ್ಯಾಪಾರ ಮಾಡುವಷ್ಟು ಮಲಯಾಳಂ ಕಲಿತಳು, ಅಷ್ಟೇ. ಕ್ವಾರ್ಟರ್ಸಿನಲ್ಲಿದ್ದ ಐದಾರು ಕನ್ನಡದ ಮನೆಗಳೇ ಅವಳ ಪ್ರಪಂಚ. ಆ ಮನೆಗಳ ಮಕ್ಕಳು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದವು, ಅದಕ್ಕೂ ಅವಳಿಗೆ ಸಂಕಟ. ಸಂಕ್ರಾಂತಿಯ ಎಳ್ಳು ಬೀರುವುದೊಂದನ್ನು ಮಾತ್ರ ಬಿಟ್ಟಿರಲಿಲ್ಲ. ಅಲ್ಲಿ ಆ ದಿನ ರಜೆ ಸಿಗದ ಕಾರಣ ಹಬ್ಬವಾದ ಮೇಲಿನ ಭಾನುವಾರ ಎಲ್ಲರನ್ನೂ ಕರೆಯುತ್ತಿದ್ದಳು. ಸಕ್ಕರೆ ಅಚ್ಚಿನ ಮರದ ಮಣೆಗಳನ್ನು ಮೈಸೂರಿನಿಂದ ಸೀರೆಯಲ್ಲಿ ಸುತ್ತಿ ತಂದಿದ್ದಳು.

ಆ ವರ್ಷ ಹಬ್ಬದ ವಾರದಲ್ಲೇ ಮುಖ್ಯಸ್ಥರು ನನ್ನನ್ನು ಕರೆದು ಒಂದು ಅರ್ಜಿ ಕೊಟ್ಟರು. ಕೊಚ್ಚಿಯ ಆಚೆ, ಹೊಳೆ ಪಕ್ಕದ ಒಂದು ಹಳ್ಳಿಯಿಂದ ಬಂದಿತ್ತು. ವೀಳ್ಯದೆಲೆ ಬೆಳೆಯುವ ಹೆಂಗಸೊಬ್ಬರು ಬರೆದಿದ್ದರು. ತೋಟದ ಹತ್ತಿರ ಇಟ್ಟಿಗೆ ಗೂಡುಗಳು ಬಂದ ಮೇಲೆ ಎಲೆಗಳೆಲ್ಲ ಸುಡುತ್ತಿವೆ, ಪರೀಕ್ಷೆ ಮಾಡಿ ಕಾರಣ ಬರೆದು ಕೊಡಬೇಕು ಎಂದು. "ಹೋಗಿ ಎಲೆ ತನ್ನಿ. ಅವರ ತೋಟದ್ದೊಂದು ಚೀಲ, ಹೊಗೆ ತಗುಲದ ಇನ್ನೊಂದು ತೋಟದ್ದೊಂದು ಚೀಲ. ನೇರವಾಗಿ ಇಲ್ಲಿಗೇ ತರಬೇಕು. ಭಾನುವಾರವಾದರೂ ವಾಚ್‌ಮನ್ ಇರುತ್ತಾನೆ, ಫ್ರಿಜ್ಜಿನಲ್ಲಿಟ್ಟು ಹೋಗಿ" ಎಂದರು. ನಾನು ತಲೆ ಅಲ್ಲಾಡಿಸಿದೆ.

ರಾತ್ರಿ ರೈಲಿನಲ್ಲಿ ಕೊಚ್ಚಿಗೆ ಹೋಗಿ, ಶನಿವಾರ ಬೆಳಿಗ್ಗೆ ಅಲ್ಲಿಯ ಪಾಲಾರಿವಟ್ಟಂನಿಂದ ಬಸ್ಸು ಹಿಡಿದೆ. ಮುಕ್ಕಾಲು ಗಂಟೆಯ ದಾರಿ. ಅರ್ಜಿ ಬರೆದವರು ಸ್ಟಾಪಿನಲ್ಲೇ ಕಾಯುತ್ತಿದ್ದರು. ನಲವತ್ತು ದಾಟಿದ ಗಟ್ಟಿ ಹೆಂಗಸು. ನಾನು ಚೇಚಿ ಎಂದೆ, ಅಲ್ಲಿ ಅಕ್ಕನಿಗೆ ಹಾಗೆನ್ನುತ್ತಾರೆ. ಅವರು ನನ್ನನ್ನು ಮೋಳೇ ಎಂದರು, ಮಗಳೇ ಎಂದು. ಅವರು ಆಡಿದ್ದು ಮಲಯಾಳ. ನನ್ನ ಕಿವಿಯಲ್ಲಿ ಉಳಿದಿರುವುದು ಕನ್ನಡವಾಗಿ, ಹಾಗಾಗಿ ಹಾಗೇ ಬರೆಯುತ್ತಿದ್ದೇನೆ.

"ಚಪ್ಪಲಿ ಇಲ್ಲೇ ಬಿಡು ಮೋಳೇ" ಎಂದರು ತೋಟದ ಬೇಲಿಯ ಹತ್ತಿರ. ಆಮೇಲೆ ದನಿ ತಗ್ಗಿಸಿ, "ಬೇಜಾರು ಮಾಡ್ಕೋಬೇಡ. ನೀನು... ಒಳಗೆ ಬರಬಹುದಲ್ಲ?" ಎಂದು ಕೇಳಿದರು.

ಅರ್ಥವಾಯಿತು. ನಮ್ಮ ಕಡೆಯ ಎಲೆತೋಟಗಳಲ್ಲೂ ಇದೇ ಕಟ್ಟು. ಮುಟ್ಟಾದ ಹೆಂಗಸು ಬಳ್ಳಿಯ ಹತ್ತಿರ ಸುಳಿದರೆ ಬಳ್ಳಿ ಸುಟ್ಟುಹೋಗುತ್ತದೆ ಎಂದು ನಂಬುತ್ತಾರೆ. ಕೆಲವು ಕಡೆ ಹೆಂಗಸರನ್ನೇ ಒಳಗೆ ಬಿಡುವುದಿಲ್ಲ. ನನಗೆ ಸಿಟ್ಟು ಬಂತು. "ನಾನು ವಿಜ್ಞಾನ ಓದಿದವಳು ಚೇಚಿ, ಅದೆಲ್ಲ ಸುಳ್ಳು" ಎಂದೆ, ಸ್ವಲ್ಪ ಜೋರಾಗಿಯೇ. ಅವರ ಮುಖದಲ್ಲಿ ಒಂದು ಥರದ ಬೆಳಕು ಬಂತು. "ಅಲ್ವಾ? ಸುಳ್ಳು ಅಲ್ವಾ?" ಎಂದು ನನ್ನ ಕೈ ಹಿಡಿದುಕೊಂಡರು. "ಅದನ್ನೇ ಬರೆದು ಕೊಡಿ ಅಂತ ನಾನು ಅರ್ಜಿ ಹಾಕಿರೋದು."

ತೋಟ ದೊಡ್ಡದಲ್ಲ. ತೆಂಗಿನ ನೆರಳಲ್ಲಿ ಸಾಲು ಸಾಲು ಬಳ್ಳಿ. ಅವರ ಮಾವ ನೆಟ್ಟ ಬಳ್ಳಿಯಂತೆ. ಅದರದೇ ಕವಲು ಕತ್ತರಿಸಿ ಮತ್ತೆ ಮತ್ತೆ ನೆಡುತ್ತ ಬಂದಿದ್ದರು. ಏಣಿ ಹತ್ತಿ ಎಲೆ ಕೀಳುವುದು ಗಂಡಸಿನ ಕೆಲಸವಾಗಿತ್ತು. ಮೂರು ವರ್ಷದ ಹಿಂದೆ ಗಂಡ ಎದೆನೋವಿನಿಂದ ತೀರಿಕೊಂಡರು. ಮಕ್ಕಳಿಲ್ಲ, ಮನೆಯಲ್ಲಿ ವಯಸ್ಸಾದ ಅತ್ತೆ. ಕೂಲಿಯವರನ್ನು ಕಾದು ಕಾದು ಸಾಕಾಗಿ ಚೇಚಿ ತಾವೇ ಏಣಿ ಹತ್ತಿದರು. ಅದೇ ಬೇಸಿಗೆಯಲ್ಲಿ ಹೊಳೆದಂಡೆಯಲ್ಲಿ ಇಟ್ಟಿಗೆ ಗೂಡುಗಳು ಬಂದವು. ಅದೇ ಬೇಸಿಗೆಯಲ್ಲಿ ಎಲೆಗಳ ತುದಿ ಸುಡಲು ಶುರುವಾಯಿತು.

"ಊರವರಿಗೆ ಗೂಡು ಕಾಣಲಿಲ್ಲ, ನಾನು ಕಂಡೆ" ಎಂದರು. "ಹೆಂಗಸು ಏಣಿ ಹತ್ತಿದಳು, ಎಲೆ ಸುಟ್ಟಿತು ಅಂದ್ರು. ನನ್ನ ಅತ್ತೆಯೂ ಅದನ್ನೇ ಹೇಳ್ತಾರೆ. ನನ್ನ ಮಗ ಇದ್ದಾಗ ಒಂದು ಎಲೆಗೂ ಕಲೆ ಇರಲಿಲ್ಲ ಅಂತ ದಿನಾ ಅಳ್ತಾರೆ. ನಾನು ಏನಂತ ಉತ್ತರ ಕೊಡಲಿ ಮೋಳೇ? ಎಂದೋ ಒಂದು ದಿನ ಗೊತ್ತಿಲ್ಲದೆ ಒಳಗೆ ಬಂದಿದ್ದೆನೋ ಏನೋ ಅಂತ ನನಗೇ ಅನ್ನಿಸೋಕೆ ಶುರುವಾಗಿದೆ."

ಅವರು ಒಂದು ಎಲೆ ಕಿತ್ತು ನನ್ನ ಕೈಗಿಟ್ಟರು. ಎಲೆ ಅಗಲವಾಗಿ, ದಪ್ಪವಾಗಿ, ಹಸಿರಾಗಿಯೇ ಇತ್ತು. ತುದಿ ಮಾತ್ರ ಕಂದಿ, ಒಣಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಅಂಚಿನಲ್ಲೂ ಅಲ್ಲಲ್ಲಿ ಅದೇ ಕಂದು.

"ತಿಂದರೆ ರುಚಿ ಅದೇ, ಖಾರವೂ ಅದೇ" ಎಂದರು ಚೇಚಿ. "ಆದ್ರೆ ಮದುವೆಯಲ್ಲಿ ಹಿರಿಯರಿಗೆ ದಕ್ಷಿಣೆ ಕೊಡೋಕೆ ತುದಿ ಸುಟ್ಟ ಎಲೆ ಯಾರು ತಗೋತಾರೆ ಹೇಳು."

ನಷ್ಟ ಎಂದರೆ ಇದು. ಮೊದಲು ಅವರ ಎಲೆ ಕಲ್ಯಾಣ ಮಂಟಪಗಳಿಗೆ ಹೋಗುತ್ತಿತ್ತು, ದೇವಸ್ಥಾನದ ಬಾಗಿಲ ಅಂಗಡಿಗಳಿಗೆ ಹೋಗುತ್ತಿತ್ತು. ಒಳ್ಳೆಯ ಬೆಲೆ. ಈಗ ಅದೇ ಬಳ್ಳಿಯ ಎಲೆ, ಅದೇ ಗೊಬ್ಬರ, ಅದೇ ನೀರು, ಅದೇ ಬೆನ್ನುನೋವು, ಹೋಗುವುದು ಮಾತ್ರ ರಸ್ತೆ ಬದಿಯಲ್ಲಿ ಎಲೆ ಅಡಿಕೆ ಹೊಗೆಸೊಪ್ಪು ಮಡಿಸಿ ಕೊಡುವ ಡಬ್ಬಿ ಅಂಗಡಿಗಳಿಗೆ. ಅವರು ಕೇಳಿದ ಬೆಲೆಗೆ ಕೊಡಬೇಕು, ಇಲ್ಲವೆಂದರೆ ವಾಪಸ್ ಹೊತ್ತು ತರಬೇಕು. ಬೆರಳಗಲದ ಒಂದು ಕಂದು ಕಲೆ ಇಡೀ ಎಲೆಯ ಬೆಲೆಯನ್ನು ತಿಂದುಹಾಕುತ್ತಿತ್ತು. ಪಕ್ಕದ ಬಾಳೆಗಳಲ್ಲೂ ಅಂಚು ಒಣಗಿತ್ತು, ಮಾವಿನ ಹೂ ಕಪ್ಪಾಗಿ ಉದುರಿತ್ತು. ಅರ್ಜಿಗೆ ಸಹಿ ಹಾಕಿ ಎಂದು ಚೇಚಿ ಮನೆ ಮನೆಗೆ ಹೋಗಿ ಕೇಳಿದ್ದರಂತೆ. ಎಲ್ಲರ ಮನೆಯಿಂದಲೂ ಒಬ್ಬಿಬ್ಬರು ಗೂಡಿಗೆ ಕೂಲಿಗೆ ಹೋಗುತ್ತಿದ್ದರು. ವಾರ ವಾರ ಕೈಗೆ ಬರುವ ಕೂಲಿ ಎದುರಿಗಿರುವಾಗ ಉದುರಿದ ಮಾವಿನ ಹೂವನ್ನು ಯಾರು ನಷ್ಟ ಎನ್ನುತ್ತಾರೆ? ಯಾರೂ ಸಹಿ ಹಾಕಲಿಲ್ಲ.

ನಾನು ಮಹಾ ಪಂಡಿತೆಯ ಹಾಗೆ ವಿವರಿಸಿದೆ. ಮಣ್ಣು ಸುಟ್ಟಾಗ ಫ್ಲೋರೈಡ್ ಎಂಬ ವಿಷ ಗಾಳಿಗೆ ಸೇರುತ್ತದೆ, ಎಲೆ ಅದನ್ನು ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುತ್ತದೆ, ಎಲೆಯೊಳಗೆ ನೀರು ಹರಿಯುವ ದಾರಿಯಲ್ಲೇ ಅದು ಹರಿದು ಕೊನೆಗೆ ತುದಿಯಲ್ಲಿ, ಅಂಚಿನಲ್ಲಿ ಹೋಗಿ ಕೂರುತ್ತದೆ, ಅದಕ್ಕೇ ತುದಿ ಸುಡುವುದು. "ಅಂದ್ರೆ ಸಾಕ್ಷಿ ಇರೋದು ತುದಿಯಲ್ಲೇ" ಎಂದೆ. ಚೇಚಿ ಎಲೆಯ ತುದಿಯನ್ನು ನೋಡುತ್ತ ನಿಂತುಬಿಟ್ಟರು.

ಎಲೆ ಕೀಳುವಾಗ ಅವರು ಅಭ್ಯಾಸದಂತೆ ಪ್ರತಿ ಎಲೆಯನ್ನೂ ಸೆರಗಿನಲ್ಲಿ ಒರೆಸಲು ಹೋದರು. "ಅಯ್ಯೋ! ಒರೆಸಬೇಡಿ! ತೊಳೆಯೋದೂ ಬೇಡ, ಹೇಗಿದೆಯೋ ಹಾಗೆ ಕೊಡಿ" ಎಂದು ಗದರಿದೆ. ಅವರು ತಪ್ಪು ಮಾಡಿದ ಮಗುವಿನಂತೆ ಕೈ ಹಿಂದಕ್ಕೆ ತೆಗೆದುಕೊಂಡು ನಕ್ಕರು. ಕಂದುಬಣ್ಣದ ಕಾಗದದ ಚೀಲದ ಮೇಲೆ ಪೆನ್ಸಿಲಿನಲ್ಲಿ ಅವರ ಹೆಸರು ಬರೆದು ಎಲೆಗಳನ್ನು ತುಂಬಿದೆ. ಆಮೇಲೆ ಕಡವಿನಲ್ಲಿ ದೋಣಿ ಹತ್ತಿ, ಹೊಳೆಯಾಚೆ ದೂರದ, ಹೊಗೆ ಹೋಗದ ಇನ್ನೊಂದು ತೋಟದಿಂದ ಎರಡನೆಯ ಚೀಲ ತುಂಬಿಸಿಕೊಂಡೆವು. ಅಲ್ಲಿಯ ಎಲೆಗಳಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ಮಧ್ಯಾಹ್ನದ ರೈಲು ಹಿಡಿದು ತಿರುವನಂತಪುರಕ್ಕೆ ಬಂದಾಗ ದೀಪ ಹಚ್ಚುವ ಹೊತ್ತು. ನೇರ ಪ್ರಯೋಗಾಲಯಕ್ಕೆ ಹೋಗಬೇಕಿತ್ತು. ಅದಕ್ಕೆ ಇನ್ನೊಂದು ಬಸ್ಸು ಹಿಡಿಯಬೇಕು, ಕಾಲು ಸೋತಿತ್ತು, ತಲೆ ಸಿಡಿಯುತ್ತಿತ್ತು. ಒಂದು ದಿನ ನಮ್ಮ ಮನೆಯ ಫ್ರಿಜ್ಜಿನಲ್ಲಿದ್ದರೆ ಏನಾಗುತ್ತದೆ ಎಂದುಕೊಂಡೆ. ಚೀಲಗಳನ್ನು ಕೆಳಗಿನ ಟ್ರೇಯಲ್ಲಿಟ್ಟು ಮಲಗಿದೆ. ಅಮ್ಮನಿಗೆ ಒಂದು ಮಾತು ಹೇಳಲಿಲ್ಲ. ಅಷ್ಟು ದೂರ ಹೋಗಿ ಗುರುತಿಲ್ಲದ ಹೆಂಗಸಿಗೆ ಒರೆಸಬೇಡಿ ಎಂದು ಗದರಿ ಬಂದವಳು, ಹೆತ್ತ ತಾಯಿಗೆ ಆ ಮಾತು ಹೇಳಲಿಲ್ಲ.

ಮರುದಿನ ಎಳ್ಳು ಬೀರುವ ಭಾನುವಾರ. ನನಗೆ ಮರೆತೇ ಹೋಗಿತ್ತು. ಕಬ್ಬು ಬೇಕು ಎಂದು ಅಮ್ಮ ನನ್ನನ್ನು ಚಾಲೆ ಬಜಾರಿಗೆ ಅಟ್ಟಿದಳು. ಕಬ್ಬಿಗಾಗಿ ಅಲೆದು, ಬಸ್ಸಿನಲ್ಲಿ ನೇತಾಡಿ ಮನೆಗೆ ಬರುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ನಡುಮನೆಯ ತುಂಬ ರೇಷ್ಮೆ ಸೀರೆಗಳು. ಉಪ್ಪಿಟ್ಟು, ಕೇಸರಿಬಾತು ಮುಗಿದಿತ್ತು. ನಡುವೆ ಎರಡು ಹಿತ್ತಾಳೆ ತಟ್ಟೆ. ಒಂದರಲ್ಲಿ ತೊಟ್ಟು, ತುದಿ ಎಲ್ಲ ಇದ್ದ ಚೆಂದದ ಎಲೆಗಳು, ಅಡಿಕೆ, ಬಾಳೆಹಣ್ಣು. ಇನ್ನೊಂದರಲ್ಲಿ ಒರೆಸಿ, ಚಿವುಟಿ, ಒಂದರ ಮೇಲೊಂದು ಜೋಡಿಸಿದ ಎಲೆಗಳು, ಪಕ್ಕದಲ್ಲಿ ಸುಣ್ಣದ ಡಬ್ಬಿ. ಒಬ್ಬಾಕೆ ಆಗಲೇ ಎಲೆ ಮೆಲ್ಲುತ್ತ, "ಎಷ್ಟು ಖಾರವಾಗಿದೆ ರೀ, ಎಲ್ಲಿ ಸಿಕ್ಕಿತು?" ಎನ್ನುತ್ತಿದ್ದರು.

"ನಮ್ಮ ಹುಡುಗಿ ಕೊಚ್ಚಿಯಿಂದ ತಂದಳು" ಎಂದಳು ಅಮ್ಮ. "ಯಾವತ್ತೂ ಹಬ್ಬ ಅಂದ್ರೆ ಮೂಗು ಮುರಿಯೋಳು, ಈ ಸಲ ನಾನು ಬಾಯಿಬಿಟ್ಟು ಕೇಳದೇ ಇದ್ರೂ ನೆನಪಿಟ್ಟು ತಂದಿದಾಳೆ ನೋಡಿ." ಅವಳ ಮುಖದಲ್ಲಿದ್ದ ಸಂತೋಷವನ್ನು ನಾನು ನೋಡಲೇ ಇಲ್ಲ. ಎಲೆಗಳನ್ನು ನೋಡಿದೆ. ಬಗ್ಗಿ ಎರಡೂ ತಟ್ಟೆ ಕಿತ್ತುಕೊಂಡೆ. ಸುಣ್ಣದ ಡಬ್ಬಿ ಉರುಳಿ ಒಬ್ಬರ ಸೀರೆಯ ಮೇಲೆ ಬಿತ್ತು.

"ಯಾರು ಮುಟ್ಟು ಅಂದ್ರು ನಿಂಗೆ? ಕೇಳಬಾರದಾ ಒಂದು ಮಾತು?" ಎಂದು ಎಲ್ಲರೆದುರಿಗೆ ಕಿರುಚಿದೆ. ಎಳ್ಳು ಕೊಟ್ಟು ಒಳ್ಳೆಯ ಮಾತಾಡಬೇಕಾದ ದಿನ ಅದು.

ಅಮ್ಮ ಅಡುಗೆಮನೆಗೆ ನನ್ನ ಹಿಂದೆಯೇ ಬಂದಳು. "ಏನೇ ಆಯ್ತು? ಒಂದು ಚೀಲದ್ದು ಚೆನ್ನಾಗಿತ್ತು, ತಾಂಬೂಲಕ್ಕಿಟ್ಟೆ. ಇನ್ನೊಂದರದ್ದು ತುದಿ ಎಲ್ಲ ಸುಟ್ಟಿತ್ತು ಕಣೇ, ಅದನ್ನ ತಾಂಬೂಲಕ್ಕೆ ಹೇಗೆ ಕೊಡೋದು? ದಂಡವಾಗೋದು ಬೇಡ, ತಿನ್ನೋಕಾದ್ರೂ ಆಗಲಿ ಅಂತ ತುದಿ, ಅಂಚು ಎಲ್ಲ ತೆಗೆದು ಒರೆಸಿಟ್ಟೆ."

"ತುದಿ ಎಲ್ಲಿ ಹಾಕಿದೆ?"

ಅಮ್ಮ ಹಿತ್ತಿಲ ಬಾಗಿಲಿನ ಬಕೆಟ್ಟು ತೋರಿಸಿದಳು. ಪಕ್ಕದ ಮನೆಯ ಹಸುವಿಗೆಂದು ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಹಾಕಿಡುವ ಬಕೆಟ್ಟು. ಬಕೆಟ್ಟು ಖಾಲಿಯಾಗಿತ್ತು. ಪಕ್ಕದ ಮನೆಯವರು ಮಧ್ಯಾಹ್ನವೇ ಒಯ್ದಿದ್ದರು. ಆದರೂ ನಾನು ಬಗ್ಗಿ ಅದರ ತಳವನ್ನು ಕೈಯಿಂದ ತಡಕಿದೆ. ಸೌತೆಕಾಯಿಯ ಒಂದು ಬೀಜ ಸಿಕ್ಕಿತು.

ಮನೆ ಖಾಲಿಯಾದ ಮೇಲೆ ಅಮ್ಮನಿಗೆ ವಿಷಯ ಹೇಳಿದೆ. ಎಲೆ ಯಾರದು, ಯಾಕೆ ತಂದೆ ಎಂದು. ಅವಳು ಕಣ್ಣೊರೆಸಿಕೊಳ್ಳುತ್ತ ಕೇಳುತ್ತಿದ್ದವಳು, "ಹೆಂಗಸಾ ಏಣಿ ಹತ್ತೋದು?" ಎಂದಳು. ಆಮೇಲೆ, "ಅದಕ್ಕೇ ಇರಬೇಕು ಬಿಡು ಎಲೆ ಸುಟ್ಟಿರೋದು" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು. ನಾನು ಮತ್ತೆ ಒಂದಿಷ್ಟು ಕೂಗಾಡಿದೆ. ಅವತ್ತಿನಿಂದ ಅಮ್ಮ ನನ್ನ ಯಾವ ಚೀಲವನ್ನೂ ಬಿಚ್ಚಲಿಲ್ಲ. ನಾನು ತಂದ ತರಕಾರಿಯನ್ನೂ "ಬಿಚ್ಚಲಾ?" ಎಂದು ಕೇಳುತ್ತಿದ್ದಳು. ಅವಳು ತೀರಿಕೊಳ್ಳುವವರೆಗೂ ಹಾಗೇ ಕೇಳಿದಳು.

ಆ ಎರಡು ಕಾಗದದ ಚೀಲಗಳನ್ನು ಅವಳು ಎಸೆದಿರಲಿಲ್ಲ. ಸುಕ್ಕು ತೀಡಿ, ನೀಟಾಗಿ ಮಡಿಸಿ, ಹಾಸಿಗೆಯ ಕೆಳಗೆ ಇಟ್ಟಿದ್ದಳು. ಪೆನ್ಸಿಲಿನ ಅಕ್ಷರ ಹಾಗೇ ಇತ್ತು.

ಸೋಮವಾರ ಬೆಳಿಗ್ಗೆ ನಾನು ಮಾಡಬೇಕಾಗಿದ್ದು ಒಂದೇ ಕೆಲಸ. ಮುಖ್ಯಸ್ಥರ ಕೋಣೆಗೆ ಹೋಗಿ, "ಸರ್, ಎಲೆ ಮನೆಗೆ ಒಯ್ದೆ, ಹಾಳಾಯಿತು, ಇನ್ನೊಮ್ಮೆ ಹೋಗಿ ತರುತ್ತೇನೆ" ಎನ್ನುವುದು. ಗೂಡು ನಿಲ್ಲುವ ಮಳೆಗಾಲಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಬಳ್ಳಿಯಲ್ಲಿ ಎಲೆ ಬೇಕಾದಷ್ಟಿತ್ತು. ಕೋಣೆಯ ಬಾಗಿಲವರೆಗೆ ಹೋದೆ ಕೂಡ. ಒಳಗೆ ಅವರು ಯಾರನ್ನೋ ಫೋನಿನಲ್ಲಿ ಬಯ್ಯುತ್ತಿದ್ದರು. ನನ್ನ ಕಾಯಂ ಕಾಗದ ಅವರ ಮೇಜಿನ ಮೇಲಿತ್ತು. ನಾನು ತಿರುಗಿ ಬಂದು ಹೊಸ ಚೀಲಗಳ ಮೇಲೆ ಹೊಸದಾಗಿ ಹೆಸರು ಬರೆದು, ಅಮ್ಮ ಒರೆಸಿ ಚಿವುಟಿದ ಎಲೆಗಳನ್ನು ಒಂದರಲ್ಲಿ, ಅತಿಥಿಗಳಿಗೆ ಕೊಟ್ಟು ಉಳಿದವನ್ನು ಇನ್ನೊಂದರಲ್ಲಿ ಹಾಕಿದೆ. ಎಲೆ ಒಣಗಿಸಿ ಪುಡಿ ಮಾಡುವ ಕೆಲಸ ನನ್ನದೇ ಆಗಿತ್ತು. ಪುಡಿಯಾದ ಮೇಲೆ ಎಲೆಗೆ ತುದಿ ಇತ್ತೋ ಇಲ್ಲವೋ ಯಾರಿಗೆ ಗೊತ್ತಾಗಬೇಕು?

ಆ ದಿನಗಳಲ್ಲಿ ಚೇಚಿ ಎಸ್‌ಟಿಡಿ ಬೂತಿನಿಂದ ನಾಲ್ಕೈದು ಸಲ ಫೋನ್ ಮಾಡಿದರು. ಬೂತಿನ ಮೀಟರಿನ ಟಿಕ್ ಟಿಕ್ ನನಗೆ ಕೇಳುತ್ತಿದೆ ಎಂದು ಅನ್ನಿಸುತ್ತಿತ್ತು. "ಬಂತಾ ಮೋಳೇ?" ಎನ್ನುತ್ತಿದ್ದರು. "ಬರುತ್ತೆ ಚೇಚಿ" ಎನ್ನುತ್ತಿದ್ದೆ. "ನೀನು ನೋಡ್ತಾ ಇದ್ದೀಯಲ್ಲ, ನನಗೆ ಧೈರ್ಯ" ಎಂದು ಇಟ್ಟುಬಿಡುತ್ತಿದ್ದರು.

ವರದಿ ಬಂತು. ಎರಡು ತೋಟಗಳ ಎಲೆಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಬೆಳೆ ಹಾನಿಗೆ ಹೊಗೆಯೇ ಕಾರಣ ಎನ್ನಲು ಆಧಾರವಿಲ್ಲ. ಟೈಪಿಸ್ಟ್ ಮೂರು ಪ್ರತಿ ಮಾಡಿದಳು. ಒಂದನ್ನು ಚೇಚಿಯ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದವಳು ನಾನೇ. ಆಮೇಲೆ ಅವರ ಫೋನ್ ಬರಲಿಲ್ಲ. ಮಾರ್ಚಿನಲ್ಲಿ ನನ್ನ ಕೆಲಸ ಕಾಯಂ ಆಯಿತು. ಅಮ್ಮ ಪಾಯಸ ಮಾಡಿದಳು.

ಮುಂದಿನ ವರ್ಷ ಬೇಸಿಗೆಯಲ್ಲಿ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನ ಒಂದು ಕಚೇರಿಗೆ ಕಾಗದ ತಲುಪಿಸುವ ಕೆಲಸ ಬಂತು. ಅದು ಹನ್ನೊಂದಕ್ಕೇ ಮುಗಿಯಿತು. ಸಂಜೆಯ ರೈಲಿಗೆ ಹೊತ್ತಿತ್ತು. ಕಾಲು ತಾನಾಗಿ ಪಾಲಾರಿವಟ್ಟಂ ಕಡೆ ಎಳೆಯಿತು. ಬಸ್ಸಿನಲ್ಲಿ ಕೂತು, ದೂರದಿಂದ ನೋಡಿ ಬಂದುಬಿಡುತ್ತೇನೆ ಎಂದುಕೊಂಡೆ.

ತೋಟದ ಬೇಲಿ ಇರಲಿಲ್ಲ. ಬಳ್ಳಿಗಳಿದ್ದ ಜಾಗದಲ್ಲಿ ಮರಗೆಣಸು ನೆಟ್ಟಿದ್ದರು. ಏಣಿ ಮನೆಯ ಗೋಡೆಗೆ ಒರಗಿತ್ತು, ಅದರ ಮೇಲೆ ಬಟ್ಟೆ ಒಣಗುತ್ತಿತ್ತು. ಮನೆಯ ಮುಂದೆ ಕೂತಿದ್ದ ಮುದುಕಿ, ಅವರ ಅತ್ತೆಯೇ ಇರಬೇಕು, ಹೊಳೆಯ ಕಡೆ ಕೈ ತೋರಿಸಿತು. ಹೋದೆ. ಚೇಚಿ ಗೂಡಿನ ಹತ್ತಿರ ತಲೆಗೆ ಬಟ್ಟೆ ಸುತ್ತಿಕೊಂಡು ಹಸಿ ಇಟ್ಟಿಗೆಗಳನ್ನು ಒಟ್ಟುತ್ತಿದ್ದರು. ನನ್ನನ್ನು ಕಂಡದ್ದೇ ಓಡಿ ಬಂದರು. ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ಕೆನ್ನೆ ಮುಟ್ಟಿದರು. "ಮೋಳೇ! ಬಡವಾಗಿದ್ದೀಯಲ್ಲೇ!"

"ತೋಟ ಏನಾಯ್ತು ಚೇಚಿ?"

"ನಾನೇ ಕಿತ್ತೆ. ಬೇರೆಯವರ ಕೈಲಿ ಕೀಳಿಸೋಕೆ ಮನಸ್ಸಾಗಲಿಲ್ಲ." ನನ್ನ ಮುಖ ನೋಡಿ ಅವರೇ ನನಗೆ ಸಮಾಧಾನ ಹೇಳಿದರು. "ನೀನು ಯಾಕೆ ಅಳ್ತೀಯ? ನಿನ್ನದೇನು ತಪ್ಪು? ನೀನು ಅಷ್ಟು ದೂರದಿಂದ ಬಂದು, ಎಲೆ ಒರೆಸೋಕೂ ಬಿಡದೆ, ಅಷ್ಟು ಜೋಪಾನವಾಗಿ ತಗೊಂಡು ಹೋದೆ. ವಿಜ್ಞಾನವೇ ಹೊಗೆ ಅಲ್ಲ ಅಂದ ಮೇಲೆ ಇನ್ನೇನು ಉಳಿಯಿತು? ನಾನೇ. ಯಾವತ್ತೋ ಮೈಲಿಗೆಯಲ್ಲಿ ಒಳಗೆ ಹೋಗಿದ್ದೀನಿ. ಮಾವನ ಬಳ್ಳಿ, ಗಂಡನ ಬಳ್ಳಿ, ನನ್ನ ಕೈಯಿಂದ ಸುಟ್ಟು ಹೋಯ್ತು. ಈಗ ಯಾರ ಮನೆಯ ಶುಭಕಾರ್ಯಕ್ಕೆ ಹೋದ್ರೂ ನಾನು ಎಲೆ ಮುಟ್ಟಲ್ಲ. ನನಗೇ ಭಯ."

ಅಲ್ಲೇ ಇಟ್ಟಿಗೆಯ ಸಾಲಿನ ಪಕ್ಕ ಕೂತು ಎಲ್ಲ ಹೇಳಿದೆ. ಫ್ರಿಜ್ಜು, ಎಳ್ಳು, ಅಮ್ಮ, ಹಸುವಿನ ಬಕೆಟ್ಟು, ಹೊಸ ಚೀಲಗಳು, ಎಲ್ಲ. ನನ್ನ ಹರಕು ಮಲಯಾಳದಲ್ಲಿ, ಬಿಕ್ಕುತ್ತ. ಬಯ್ಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

ಅವರು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ, "ಹಾಗಾದ್ರೆ ನನ್ನಿಂದ ಅಲ್ವಾ?" ಎಂದರು.

"ಅಲ್ಲ ಚೇಚಿ."

"ನನ್ನಿಂದ ಅಲ್ಲ?"

"ಅಲ್ಲ. ಹೊಗೆಯಿಂದಲೇ ಇರಬೇಕು. ಆ ಎಲೆ ನೋಡಿದ ಯಾರಾದರೂ ಹೇಳಬಹುದಿತ್ತು."

ಕಿತ್ತುಹಾಕಿದ ಬಳ್ಳಿಯ ಬಗ್ಗೆ ಒಂದು ಮಾತೂ ಬರಲಿಲ್ಲ. "ಬರೆದು ಕೊಡು" ಎಂದರು. "ಇದನ್ನೇ ಬರೆದು ಕೊಡು. ಅಮ್ಮಾಯಿಯಮ್ಮನಿಗೆ ತೋರಿಸಬೇಕು." ಅಮ್ಮಾಯಿಯಮ್ಮ ಎಂದರೆ ಅವರ ಅತ್ತೆ. ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ನನಗೆ ಬರುವ ಮಲಯಾಳದಲ್ಲಿ ಬರೆದೆ. ಪರೀಕ್ಷೆಗೆ ಹೋದ ಎಲೆ ಸರಿಯಾದದ್ದಲ್ಲ, ಅದನ್ನು ಹಾಳು ಮಾಡಿದ್ದು ತಂದವರೇ, ವರದಿ ನಂಬಬೇಡಿ, ಈಕೆಯ ಕೈಯಲ್ಲಿ ಯಾವ ದೋಷವೂ ಇಲ್ಲ. ಚೇಚಿ ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದರು. ಕೆಳಗೆ ಬೆರಳಿಟ್ಟು, "ನಿನ್ನ ಹೆಸರು ಹಾಕಿಲ್ಲ" ಎಂದರು.

ಪೆನ್ನು ನನ್ನ ಕೈಯಲ್ಲೇ ಇತ್ತು. ಆ ಹಾಳೆ ಊರಲ್ಲಿ ಕೈಯಿಂದ ಕೈಗೆ ಹೋದರೆ, ನಾಳೆ ಯಾರಾದರೂ ಅದನ್ನು ಹಿಡಿದು ನಮ್ಮ ಮುಖ್ಯಸ್ಥರ ಮೇಜಿನ ಮೇಲಿಟ್ಟರೆ ಎಂದು ಒಂದು ಕ್ಷಣ ಯೋಚಿಸಿದೆ. ಒಂದೇ ಕ್ಷಣ. "ಬರೀ ಹೆಸರಿಗೆ ಬೆಲೆ ಇಲ್ಲ ಚೇಚಿ" ಎಂದೆ. "ಆಫೀಸಿನ ಸೀಲು ಹಾಕಿಸಿ, ಸಹಿ ಮಾಡಿ ಕಳಿಸ್ತೀನಿ."

ಅವರು ನಂಬಿದರು. ಈ ಹೆಂಗಸು ಎರಡನೆಯ ಸಲವೂ ನನ್ನನ್ನು ನಂಬಿದರು. ಹಾಳೆಯನ್ನು ಮಣ್ಣಾಗದಂತೆ ಬೆರಳ ತುದಿಯಲ್ಲಿ ಹಿಡಿದು, ಮಡಿಸಿ, ನನ್ನ ಕೈಗೇ ವಾಪಸ್ ಕೊಟ್ಟರು. "ಹಾಗಾದ್ರೆ ತಗೊಂಡು ಹೋಗು. ಬೇಗ ಕಳಿಸು ಮೋಳೇ. ಅವರಿಗೆ ಕಣ್ಣು ಮಂಜಾಗ್ತಾ ಇದೆ. ಬೇರೆಯವರು ಓದಿ ಹೇಳಿದ್ರೆ ನಂಬಲ್ಲ, ಅವರೇ ಓದಬೇಕು." ಬಸ್ ಸ್ಟಾಪಿನವರೆಗೂ ಜೊತೆಯಲ್ಲಿ ಬಂದರು. ಅರ್ಧ ದಿನದ ಕೂಲಿ ಹೋಯಿತೆಂದು ಗೂಡಿನವನು ಹಿಂದಿನಿಂದ ಕೂಗಿದ. ಅವರು ತಿರುಗಿ ನೋಡಲಿಲ್ಲ. ಬಸ್ಸು ಹೊರಟ ಮೇಲೂ ಕೈ ಎತ್ತಿಕೊಂಡೇ ನಿಂತಿದ್ದರು, ನಗುತ್ತ.

ಕಳಿಸಲಿಲ್ಲ. ಮುಂದಿನ ವಾರ ಎಂದುಕೊಂಡೆ, ಮುಖ್ಯಸ್ಥರು ನಿವೃತ್ತರಾದ ಮೇಲೆ ಎಂದುಕೊಂಡೆ, ಅವರು ನಿವೃತ್ತರಾದರು. ಅಪ್ಪನಿಗೆ ಮತ್ತೆ ಮೈಸೂರಿಗೆ ವರ್ಗವಾಯಿತು. ಅಮ್ಮ ಹೋದ ಮೇಲೆ ಅವಳ ಹಾಸಿಗೆ ಎತ್ತಿದಾಗ ಆ ಎರಡು ಕಂದು ಚೀಲಗಳು ಅಲ್ಲೂ ಇದ್ದವು. ತಿರುವನಂತಪುರದಿಂದ ಮೈಸೂರಿಗೂ ಅವನ್ನು ಹೊತ್ತು ತಂದಿದ್ದಳು. ನನ್ನ ಆಫೀಸಿನ ಸಾಮಾನು, ಎಸೆದರೆ ನಾನು ಮತ್ತೆ ಕೂಗಾಡುತ್ತೇನೆ ಎಂಬ ಹೆದರಿಕೆ ಅವಳಿಗೆ.

ಆ ಹಾಳೆಯನ್ನು ಒಂದು ಚೀಲದೊಳಗೆ ಹಾಕಿಟ್ಟಿದ್ದೇನೆ. ಚೀಲದ ಮೇಲೆ ಚೇಚಿಯ ಹೆಸರು ಇನ್ನೂ ಓದಲು ಬರುತ್ತದೆ. ಒಳಗಿನ ಹಾಳೆಯಲ್ಲಿ ಹೆಸರಿನ ಜಾಗ ಖಾಲಿಯೇ ಇದೆ.